ಆತುರವಿಲ್ಲದ ಓಟಗಾರ

ನಮ್ಮ ಕಣಿವೆಯಲ್ಲಿ ಇದ್ವಲ್ ಪ್ರಾಸರ್‌ನಷ್ಟು ನಿಧಾನವಾಗಿ ನಡೆಯುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ನಾನು ವೈದ್ಯನಾಗಿ ಹೇಳುತ್ತಿದ್ದೇನೆ. ಕಲ್ಲಿದ್ದಲಿನ ಧೂಳು ಕುಡಿದು ಎದೆಗೂಡು ಬಿಗಿದುಹೋದ ಮುದುಕರ ನಡಿಗೆ, ಮೊಣಕಾಲು ಸವೆದ ಮುದುಕಿಯರ ನಡಿಗೆ, ಶನಿವಾರ ಸಂಜೆ ಕ್ಲಬ್ಬಿನಿಂದ ಮನೆಗೆ ಹೊರಟವರ ನಡಿಗೆ, ಎಲ್ಲವೂ ನನಗೆ ಚೆನ್ನಾಗಿ ಪರಿಚಿತ. ಇವರೆಲ್ಲರೂ ಚಾಪೆಲ್ ಬೀದಿಯ ಏರಿನಲ್ಲಿ ಇದ್ವಲ್‌ನನ್ನು ಹಿಂದಿಕ್ಕಿ ಹೋಗುತ್ತಿದ್ದರು, ಹೋಗುವಾಗ ಒಮ್ಮೆ ತಿರುಗಿ ನಿಂತು, "ಏನೋ ಇದ್ವಲ್, ನಾಳೆ ಬೆಳಗಾಗೋದ್ರೊಳಗಾದ್ರೂ ಮನೆ ಸೇರ್ತೀಯೇನೋ?" ಎಂದು ಕಿಚಾಯಿಸುತ್ತಿದ್ದರು. ಬೆಟ್ಟದಿಂದಿಳಿದು ನಮ್ಮ ಮನೆಗಳ ಕಸದ ಡಬ್ಬಿಗಳನ್ನು ಉರುಳಿಸಲೆಂದೇ ಬರುವ ಕುರಿಗಳು ಕೂಡ ಅವನನ್ನು ದಾಟಿ ಮುಂದೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಕೈಗಳನ್ನೂ ಹಿಂದೆ ಕಟ್ಟಿಕೊಂಡು, ಪ್ರತಿ ಹೆಜ್ಜೆಯನ್ನೂ ಇಡಲೋ ಬೇಡವೋ ಎಂದು ಪಾದವನ್ನೇ ಕೇಳಿ ಇಡುವವನಂತೆ, ಆ ಎತ್ತರದ ತೆಳು ಆಳು ಬೀದಿಯುದ್ದಕ್ಕೂ ತೇಲಿಕೊಂಡು ಬರುತ್ತಿದ್ದ. ಅಂಥವನು ನೂರು ಗಜದ ಓಟದಲ್ಲಿ ದಕ್ಷಿಣ ವೇಲ್ಸಿನಲ್ಲೇ ಅತ್ಯಂತ ವೇಗದ ಮನುಷ್ಯನಾಗಿದ್ದ ಎಂದರೆ, ಹೊರಗಿನವರು ನಗುತ್ತಿದ್ದರು. ಕುಮ್‌ಹೆಲಿಗ್ ಎಂಬ ಈ ಕಣಿವೆಯ ಊರಿನ ನಮಗೆ ಅದರಲ್ಲಿ ಅಚ್ಚರಿಯೇನೂ ಕಾಣುತ್ತಿರಲಿಲ್ಲ.

ನನ್ನ ವಿಷಯ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮೈಸೂರಿನಲ್ಲಿ ವೈದ್ಯ ಓದಿ, ಎರಡೇ ವರ್ಷಕ್ಕೆಂದು ಈ ಕಣಿವೆಗೆ ಬಂದವನು ನಾನು. ಕೂದಲೆಲ್ಲ ಇಲ್ಲೇ ಹಣ್ಣಾಯಿತು. ಈ ಜನಕ್ಕೆ ಹೆಸರಿನ ಹಿಂದೆ ಕಸುಬನ್ನೋ ಕೊರತೆಯನ್ನೋ ಅಂಟಿಸದಿದ್ದರೆ ಸಮಾಧಾನವಿಲ್ಲ. ಕಸಾಯಿ ಅಂಗಡಿಯ ಟ್ಯೂಡರ್ ಬೇನನ್ ಇವರ ಬಾಯಲ್ಲಿ ಮಾಂಸದ ಬೇನನ್. ಬಸ್ಸು ಓಡಿಸುವವನು ಬಸ್ಸಿನ ಮೊಸ್ಟಿನ್. ಸದಾ ಚೀಲ ಹಿಡಿದು ಮನೆಯಿಂದ ಮನೆಗೆ ಧಾವಿಸುತ್ತಿದ್ದ ನಾನು, ಬಂದ ಆರು ತಿಂಗಳಲ್ಲೇ 'ಡಾಕ್ಟರ್ ಅವಸರ' ಆಗಿಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನ ತಾಯಿ ಚಿಕ್ಕಂದಿನಲ್ಲಿ ಬೈಯುತ್ತಿದ್ದದ್ದನ್ನು ಏಳು ಸಮುದ್ರದಾಚೆಯ ಈ ಜನ ಬಿರುದು ಮಾಡಿ ಕೊಟ್ಟರು. ಇದ್ವಲ್‌ಗೆ ಇದ್ದ ಬಿರುದು 'ಆತುರವೇನು'. ಏಕೆಂದರೆ ಅವನು ಆಡುತ್ತಿದ್ದ ಮಾತುಗಳಲ್ಲಿ ಅರ್ಧಕ್ಕರ್ಧ ಅದೇ.

"ಇದ್ವಲ್, ಮಳೆ ಬರ್ತಿದೆ, ಬೇಗ ನಡಿ."

"ಮಳೆ ಬರ್ಲಿ ಡಾಕ್ಟ್ರೇ. ಆತುರ ಏನಿದೆ?"

ಗಣಿಯ ಬಾಯಲ್ಲಿ ದೀಪಗಳನ್ನು ತುಂಬಿ, ಒರೆಸಿ, ಇಳಿಯುವವರಿಗೆ ಕೊಡುವ ಕೋಣೆಯಲ್ಲಿ ಅವನ ಕೆಲಸ. ಕೆಲಸ ಮುಗಿಸಿ ಕೆಳಗಿನ ನಿಲ್ದಾಣದಲ್ಲಿ ಮೊಸ್ಟಿನ್‌ನ ಬಸ್ಸು ಹಿಡಿದು ಬರಬೇಕು. ಬಸ್ಸು ಎದುರಿಗೇ ನಿಂತಿರುತ್ತಿತ್ತು, ಇದ್ವಲ್ ನಾಲ್ಕು ಮಾರು ದೂರದಲ್ಲಿ ಬರುತ್ತಿರುತ್ತಿದ್ದ, ಮೊಸ್ಟಿನ್ ಕಿಟಕಿಯಿಂದ ತಲೆ ಹಾಕಿ, "ಓಡೋ ಮಾರಾಯ! ನೀನು ಓಟಗಾರ ಅಲ್ವೇನೋ?" ಎಂದು ಅರಚುತ್ತಿದ್ದ. ಇದ್ವಲ್ ಒಂದು ಹೆಜ್ಜೆಯನ್ನೂ ಬಿರುಸು ಮಾಡುತ್ತಿರಲಿಲ್ಲ. ಓಟವಿರುವುದು ಮೈದಾನಕ್ಕೆ, ಬಸ್ಸಿಗೆ ಅಲ್ಲ ಎಂಬುದು ಅವನ ಸಿದ್ಧಾಂತ. ಬಸ್ಸು ಹೊರಟುಹೋದರೆ, ಅದು ಹೋಗುವುದನ್ನು ಆಸಕ್ತಿಯಿಂದ ನೋಡಿ, ಕೈಕಟ್ಟಿ, ಮೂರು ಮೈಲಿ ನಡೆದೇ ಬರುತ್ತಿದ್ದ. ಬೀದಿಯಲ್ಲಿ ಇದ್ವಲ್ ಓಡಿದ್ದನ್ನು ಕಂಡವರು ಯಾರೂ ಇರಲಿಲ್ಲ. ಅವನ ಸ್ವಂತ ಅಜ್ಜಿಯೂ ಕಂಡಿರಲಿಲ್ಲ.

ಅವನ ಕೋಟನ್ನು ವರ್ಣಿಸದೆ ಅವನನ್ನು ವರ್ಣಿಸಿದಂತಾಗದು. ಬೂದುಬಣ್ಣದ ಉಣ್ಣೆಯ ಕೋಟು. ಮೊಣಕಾಲು ದಾಟಿ ಪಾದದ ಗಂಟಿನ ಹತ್ತಿರ ಬರುವಷ್ಟು ಉದ್ದ. ಕತ್ತೆಯ ಮೇಲೆ ಹೇರಿದರೆ ಕತ್ತೆಯೂ ಮುಖ ಸಿಂಡರಿಸುವಷ್ಟು ಭಾರ. ಅದು ಅವನ ಅಜ್ಜ ಎಲಿಸ್‌ನದು. ಜೂನ್ ತಿಂಗಳ ಬಿಸಿಲಲ್ಲೂ ಅದನ್ನು ಹಾಕಿಕೊಂಡೇ ಮೈದಾನಕ್ಕೆ ಬರುತ್ತಿದ್ದ. ಒಂದು ಜೇಬಿನಲ್ಲಿ ಮುಳ್ಳಿನ ಬೂಟು, ಇನ್ನೊಂದರಲ್ಲಿ ಚಾಪೆಲ್‌ನ, ಅಂದರೆ ಇಲ್ಲಿನವರ ಪ್ರಾರ್ಥನಾ ಮಂದಿರದ, ಹಾಡಿನ ಪುಸ್ತಕ. ಓಟಕ್ಕೆ ಮುಂಚೆ ಗೆರೆಯ ಹಿಂದೆ ನಿಂತು ಒಂದೊಂದೇ ಗುಂಡಿಯನ್ನು, ಮದುವೆಯ ಸೀರೆಯ ಮಡಿಕೆ ಬಿಡಿಸುವ ನಾಜೂಕಿನಲ್ಲಿ ಬಿಚ್ಚಿ, ಕೋಟನ್ನು ಮಡಚಿ, ಮಡಿಕೆ ಸರಿಯಾಗದಿದ್ದರೆ ಬಿಡಿಸಿ ಮತ್ತೆ ಮಡಚಿ ಹುಲ್ಲಿನ ಮೇಲಿಡುವಷ್ಟರಲ್ಲಿ ಪಕ್ಕದ ಓಟಗಾರರ ನರಗಳು ಅರ್ಧ ಕಿತ್ತುಹೋಗಿರುತ್ತಿದ್ದವು. ನನ್ನ ಅಭಿಪ್ರಾಯದಲ್ಲಿ ಅವನು ಗೆದ್ದ ಓಟಗಳಲ್ಲಿ ಕಾಲುಭಾಗ ಆ ಗುಂಡಿಗಳು ಗೆದ್ದದ್ದು.

ಅಜ್ಜ ಎಲಿಸ್ ಕೂಡ ಓಟಗಾರನೇ. ಆದರೆ ಅವನ ಕಾಲದ ಗಣಿಯ ಹುಡುಗರು ಓಡಿದ್ದು ಪಂದ್ಯ ಕಟ್ಟುವವರ ಮೈದಾನಗಳಲ್ಲಿ. ವೇಗದವನೆಂದು ಗುರುತು ಸಿಕ್ಕರೆ ಉಳಿದವರಿಗಿಂತ ಹಿಂದಿನ ಗೆರೆಯಿಂದ ಓಡಿಸಿಬಿಡುತ್ತಾರೆಂದು ಊರಿಗೊಂದು ಸುಳ್ಳು ಹೆಸರು. ಗೆದ್ದ ಗೆಲುವೆಲ್ಲ ಇಲ್ಲದ ಮನುಷ್ಯರ ಹೆಸರಿಗೆ ಹೋಯಿತು. ಒಮ್ಮೆ ಹಣಕ್ಕೆ ಓಡಿದವನಿಗೆ ದೇಶದ ಪರವಾಗಿ ಓಡುವ ಬಾಗಿಲು ಮುಚ್ಚಿಹೋಗುತ್ತಿದ್ದ ಕಾಲ ಅದು. ಹೀಗಾಗಿ ವೇಲ್ಸಿನ ಪರ ಓಡುವವರು ತೊಡುವ ಕೆಂಪು ಬನಿಯನ್ ಆ ಮನೆಯ ಹೊಸಿಲು ದಾಟಲೇ ಇಲ್ಲ. ಎಲಿಸ್ ಸತ್ತಾಗ ಅವನ ಹೆಂಡತಿ ಗ್ವೆನ್‌ಲಿಯನ್, ಅಂದರೆ ಇದ್ವಲ್‌ನ ಅಜ್ಜಿ, ಕೋಟನ್ನು ಗೂಟಕ್ಕೆ ತೂಗುಹಾಕಿ, ತಾಯಿಯಿಲ್ಲದ ಮೊಮ್ಮಗನನ್ನು ಅದರ ಕೆಳಗೆ ನಿಲ್ಲಿಸಿ, "ಇದು ನಿನ್ನ ಮೈಗೆ ಹಿಡಿಸೋಷ್ಟು ದೊಡ್ಡವನಾಗು. ಆಮೇಲೆ ಇದನ್ನ ತೆಗೆದು ಕೆಂಪು ಹಾಕ್ಕೋ," ಎಂದಳಂತೆ.

ಈ ಗ್ವೆನ್‌ಲಿಯನ್‌ಳನ್ನು ಕಣಿವೆಯೆಲ್ಲ 'ಮಾಮ್‌ಗಿ' ಎಂದೇ ಕರೆಯುತ್ತಿತ್ತು. ಅಜ್ಜಿ ಎನ್ನುವುದಕ್ಕೆ ಇಲ್ಲಿನ ಮಾತು ಅದು. ಹಿಡಿಯಷ್ಟು ದೇಹ, ಕಪ್ಪು ಟೋಪಿ, ಮೆಣಸಿನಕಾಯಿಯಂಥ ನಾಲಿಗೆ. ನಾನು ಬರುವ ಹೊತ್ತಿಗೆ ಅವಳ ಕಣ್ಣು ಮಸುಕಾಗತೊಡಗಿತ್ತು. ಕಾರ್ಡಿಫ್‌ನ ಕಣ್ಣಿನ ವೈದ್ಯರಿಗೂ ತೋರಿಸಿದೆ. ಇದು ಹಿಂದೆ ಬರುವ ದೃಷ್ಟಿಯಲ್ಲ ಎಂದರು. ಮನುಷ್ಯರು ಅವಳಿಗೆ ಬೂದಿಯ ಕಂಬಗಳಾದರು. ಕೆಂಪು ಬಣ್ಣವೊಂದು ಮಾತ್ರ, ಅದೇನು ಕಾರಣವೋ, ಅವಳ ಪಾಲಿಗೆ ಉಳಿದಿತ್ತು. ಅವಳ ಮನೆ ಚಾಪೆಲ್ ಬೀದಿಯ ಏರಿನ ತುದಿಯಲ್ಲಿ. ಎದುರಿಗೇ ಅಂಚೆ ಡಬ್ಬಿ. ಬೆಳಗ್ಗೆ ಬಾಗಿಲು ತೆರೆದು ಅವಳು ಮೊದಲು ಕುಶಲ ಕೇಳುತ್ತಿದ್ದದ್ದು ಆ ಡಬ್ಬಿಯನ್ನು.

"ನನ್ನ ಮುಖ ಕಾಣತ್ತಾ ಮಾಮ್‌ಗಿ?" ಎಂದು ನಾನು ಪರೀಕ್ಷೆ ಮಾಡುತ್ತ ಕೇಳಿದೆ ಒಂದು ದಿನ.

"ನಿಂದಾ? ಇಲ್ಲಪ್ಪ. ಅದರಿಂದ ನಂಗೇನೂ ನಷ್ಟ ಆಗಿಲ್ಲ ಬಿಡು."

"ಮತ್ತೇನು ಕಾಣತ್ತೆ?"

"ಅಂಚೆ ಡಬ್ಬಿ. ಊರಲ್ಲಿ ನಂಗೆ ಮುಖ ತೋರಿಸೋ ಮರ್ಯಾದಸ್ಥ ಅವನೊಬ್ಬನೇ. ಕೆಂಪು ಇರೋತನಕ ನಂಗೆ ಚಿಂತೆ ಇಲ್ಲ ಡಾಕ್ಟ್ರೇ. ನಮ್ಮ ಹುಡುಗ ಕೆಂಪು ಬನಿಯನ್ ಹಾಕ್ಕೊಂಡು ಈ ಬಾಗಿಲಿಗೆ ಬಂದ್ರೆ ಸಾಕು, ನೋಡ್ತೀನಿ. ಅವನ ಮೂತಿ ಕಾಣದಿದ್ರೆ ಬೇಡ; ಅವರಜ್ಜನ ಅಚ್ಚು, ಅದನ್ನ ನೋಡಿ ನೋಡಿ ಸಾಕಾಗಿದೆ." ನಗುತ್ತಲೇ ಹೇಳಿದಳು. ಆದರೆ ಆ ಕೆಂಪಾದರೂ ಎಷ್ಟು ದಿನ ಉಳಿದೀತು ಎಂಬುದನ್ನು ಅವಳು ಕೇಳಲಿಲ್ಲ.

ಇದ್ವಲ್‌ನನ್ನು ತಯಾರು ಮಾಡುತ್ತಿದ್ದವನು ಮಾಂಸದ ಬೇನನ್. ವಾರದ ದಿನಗಳಲ್ಲಿ ಕತ್ತಿ ಹಿಡಿಯುವ ಆ ದಪ್ಪ ಕೈ ಭಾನುವಾರ ಚಾಪೆಲ್‌ನಲ್ಲಿ ಹಾಡು ಎತ್ತಿಕೊಡುತ್ತಿತ್ತು. ಸಂಜೆ, ಏಪ್ರನ್ನನ್ನೂ ಬಿಚ್ಚದೆ, ರಗ್ಬಿ ಮೈದಾನದ ಅಂಚಿನಲ್ಲಿ ಓಟಕ್ಕೆ ತಾಳ ಹಾಕುತ್ತಿತ್ತು. ಅವನ ಬಳಿ ಓಟ ಅಳೆಯುವ ಗಡಿಯಾರವಿತ್ತು, ಅದರಲ್ಲಿ ನಂಬಿಕೆ ಇರಲಿಲ್ಲ. ನೂರು ಗಜವೆಂದರೆ ಹಾಡಿನ ಒಂದು ಸಾಲು, ಒಂದೇ ಉಸಿರಲ್ಲಿ ಮುಗಿಯಬೇಕು, ನಡುವೆ ಉಸಿರು ತೆಗೆದವನು ಕೆಟ್ಟ ಹಾಡುಗಾರ ಹೇಗೋ ಹಾಗೆ ಕೆಟ್ಟ ಓಟಗಾರ ಎಂದು ಅವನ ವಾದ. "ಉಸಿರು ಬಿಟ್ಯಲ್ಲೋ, ದರಿದ್ರ! ಮೂರನೇ ಸ್ವರದಲ್ಲೇ ಬಿಟ್ಟೆ!" ಎಂದು ಅವನು ಕೂಗಿದರೆ ಆಚೆ ಬೆಟ್ಟದ ಕುರಿಗಳು ತಲೆಯೆತ್ತುತ್ತಿದ್ದವು. ಇದ್ವಲ್ ಆ ಕೂಗಿಗೆ ತಲೆದೂಗಿ, ಮೈದಾನದ ಆ ತುದಿಯಿಂದ ಈ ತುದಿಗೆ ನಡೆದು ಬರುತ್ತಿದ್ದ. ಅವನು ನಡೆದು ಬರುವ ವೇಳೆಯಲ್ಲಿ ಬೇನನ್ ಒಂದು ಪೈಪು ಸೇದಿ ಮುಗಿಸುತ್ತಿದ್ದ.

ಆದರೆ ಗುಂಡು ಹಾರಿದ ಮೇಲೆ! ಆಗ ಅವನನ್ನು ನೋಡಬೇಕಿತ್ತು. ನಡಿಗೆಯಲ್ಲಿ ಅಷ್ಟು ಜೋಲಾಡುತ್ತಿದ್ದ ಕೈಕಾಲುಗಳು ಅದೆಲ್ಲಿಂದಲೋ ಒಂದು ಒಪ್ಪಂದಕ್ಕೆ ಬಂದುಬಿಡುತ್ತಿದ್ದವು; ಮುಖದಲ್ಲಿ ಒಂದು ಗೆರೆಯೂ ಕದಲದೆ, ತುಟಿ ಬಿಗಿಯದೆ, ಹುಲ್ಲಿನ ಮೇಲೆ ಗಾಳಿ ಹಾಯ್ದಷ್ಟು ನಿರಾಯಾಸವಾಗಿ ಅವನು ಹಾದುಹೋಗುತ್ತಿದ್ದ. ಅದನ್ನು ಮೊದಲ ಸಲ ಕಂಡ ದಿನ ನಾನು, ರೋಗಿಯೊಬ್ಬ ಕಾಯುತ್ತಿದ್ದಾನೆಂಬುದನ್ನು ಮರೆತು, ಬೇಲಿಗೊರಗಿ ನಿಂತುಬಿಟ್ಟೆ. ಸೌಂದರ್ಯ ಎಂಬ ಮಾತನ್ನು ನಾನು ಗಂಡಸಿನ ಕಾಲುಗಳ ಬಗ್ಗೆ ಬಳಸಿದ್ದು ಅದೊಂದೇ ಸಲ.

ಕಣಿವೆಯ ಓಟಗಳನ್ನು ಗೆದ್ದ, ಕಾರ್ಡಿಫ್‌ನಲ್ಲಿ ಗೆದ್ದ, ಸ್ವಾನ್ಸಿಯಲ್ಲಿ ಗೆದ್ದ. ಕೆಂಪು ಬನಿಯನ್ ಮಾತ್ರ ಕೈಗೆ ಹತ್ತಿರ ಬಂದು ಜಾರಿ ಹೋಗುತ್ತಿತ್ತು. ಒಂದು ವರ್ಷ ಆಯ್ಕೆಯ ಹೊತ್ತಿಗೆ ತೊಡೆಯ ನರ ಹಿಡಿದುಕೊಂಡಿತು; ಮತ್ತೊಂದು ವರ್ಷ, ದೇವರೇ, ಆ ವಯಸ್ಸಿನಲ್ಲಿ ಮಂಗನಬಾವು. ಕೆನ್ನೆಗಳೆರಡೂ ಊದಿಕೊಂಡು ಹಾಸಿಗೆಯಲ್ಲಿ ಬಿದ್ದಿದ್ದವನಿಗೆ ನಾನು ಸಮಾಧಾನ ಹೇಳಹೋದರೆ, ಅವನೇ ನನ್ನ ಕೈ ತಟ್ಟಿ, "ಮುಂದಿನ ವರ್ಷ ಇದೆಯಲ್ಲ ಡಾಕ್ಟ್ರೇ. ಆತುರ ಏನಿದೆ?" ಎಂದ.

ಮುಂದಿನ ವರ್ಷ ಬಂತು. ಕಾರ್ಡಿಫ್‌ನಲ್ಲಿ ಆಯ್ಕೆಯ ಓಟ. ಮೊದಲಿಬ್ಬರಿಗೆ ಕೆಂಪು ಬನಿಯನ್. ಮೊಸ್ಟಿನ್‌ನ ಬಸ್ಸು ಸಾಲದೆ ಇನ್ನೂ ಎರಡು ಬಸ್ಸು ಮಾಡಿಕೊಂಡು ಚಾಪೆಲ್‌ಗೆ ಚಾಪೆಲ್ಲೇ ಹೊರಟಿತು. ಮಾಮ್‌ಗಿ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಹೆಂಚಿನ ಮೇಲೆ ಸುಟ್ಟ ಒಣದ್ರಾಕ್ಷಿ ಬಿಲ್ಲೆಗಳ ಡಬ್ಬಿ. ಈ ಜನ ನಾಲ್ಕು ಮಂದಿ ಒಂದೆಡೆ ಸೇರಿದರೆ ಹಾಡುತ್ತಾರೆ. ಮುನ್ನೂರು ಮಂದಿ ಸೇರಿದರೆ ಕೇಳಬೇಕೇ? ಓಟಗಾರರನ್ನು ಗೆರೆಗೆ ಕರೆದಾಗ ಬೇನನ್ ಎದ್ದು ಕೈಯೆತ್ತಿದ. ಭಜನೆಯ ಶುರುವಿಗೆ ತಂಬೂರಿ ಮಿಡಿದಂತೆ ಒಂದು ಝೇಂಕಾರ ಎದ್ದು, ಹಾಡು ಮೈದಾನವನ್ನೆಲ್ಲ ತುಂಬಿತು. ಗುಂಡು ಹಾರಿಸುವವನು ಇಂಗ್ಲೆಂಡಿನ ಕಡೆಯವನು, ಸಭ್ಯಸ್ಥ. ಹಾಡು ಮುಗಿಯಲಿ ಎಂದು ಪಿಸ್ತೂಲು ಕೆಳಗಿಳಿಸಿ ಕಾದ. ಕೊನೆಯ ಸಾಲು ಮುಗಿಯಿತು, ಸದ್ದು ನಿಂತಿತು, ಓಟಗಾರರು ಬಾಗಿದರು, ಪಿಸ್ತೂಲು ಮೇಲೇರಿತು.

ಆದರೆ ಹಾಡು ಮುಗಿದಿರಲಿಲ್ಲ! ಈ ಚಾಪೆಲ್‌ಗಳ ರೂಢಿಯೊಂದಿದೆ: ಹಾಡು ಮನಸ್ಸಿಗೆ ಹತ್ತಿದರೆ ಕೊನೆಯ ಎರಡು ಸಾಲನ್ನು ಅಲ್ಲಿಗೇ ಬಿಡಲಾರರು; ಕೂತವರಲ್ಲಿ ಯಾರಾದರೊಬ್ಬರು ಮತ್ತೆ ಎತ್ತಿಕೊಳ್ಳುತ್ತಾರೆ, ಉಳಿದವರೆಲ್ಲ ಕೂಡಿಕೊಳ್ಳುತ್ತಾರೆ. ಹಾಡನ್ನು ಇಮ್ಮಡಿಸುವುದು ಎನ್ನುತ್ತಾರೆ. ಇಮ್ಮಡಿಸಿ ಆಮೆನ್ ಹೇಳುವ ತನಕ ಕದಲುವುದು ಮಹಾ ಅಪಚಾರ. ಮಗುವಾಗಿದ್ದಾಗ ಕದಲಿದರೆ ಅಜ್ಜಿಯ ಬೆರಳು ಕಿವಿಯ ಹಿಂದೆ ಬರುತ್ತದೆ. ಆ ದಿನ ಗುಂಡು ಹಾರುವುದಕ್ಕೆ ಒಂದು ಉಸಿರು ಮುಂಚೆ, ಮೊದಲ ಸಾಲಿನಿಂದ, ಒಡಕಲಾದರೂ ಬಾಣದಂತೆ ನೇರವಾದ ಒಂದು ದನಿ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡಿತು. ಮಾಮ್‌ಗಿ! ಹಿಂದೆಯೇ ಮುನ್ನೂರು ಮಂದಿ. ಗುಂಡು ಹಾರಿತು, ಐವರು ಓಡಿದರು, ಇದ್ವಲ್ ಬಾಗಿದಲ್ಲೇ ಬಾಗಿದ್ದ. ಆಮೇಲೆ ಮೆಲ್ಲನೆ ಎದ್ದು ನಿಂತು, ಕೈಕಟ್ಟಿ, ತನ್ನ ತಾರಕ ಸ್ಥಾಯಿಯ ಪಾಲನ್ನು ಆಮೆನ್‌ವರೆಗೆ ಲೋಪವಿಲ್ಲದೆ ಹಾಡಿ ಮುಗಿಸಿದ. ಅಷ್ಟು ಹೊತ್ತಿಗೆ ಗೆದ್ದವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಇದ್ವಲ್ ಅಜ್ಜಿಯ ಪಕ್ಕದಲ್ಲಿ ಕೂತು ಡಬ್ಬಿ ತೆರೆದು ಬಿಲ್ಲೆ ತಿನ್ನುತ್ತಿದ್ದ. ತಡೆಯಲಾರದೆ ನಾನೇ ಕೇಳಿದೆ: "ಯಾಕೋ ನಿಂತೆ, ಮಾರಾಯ? ಓಡೋದಲ್ವಾ?"

"ಇಮ್ಮಡಿಸ್ತಾ ಇದ್ರಲ್ಲ ಡಾಕ್ಟ್ರೇ," ಎಂದ, ಬಾಯಿತುಂಬ ಬಿಲ್ಲೆ. "ಮಧ್ಯದಲ್ಲಿ ಹೇಗೆ ಹೊರಡೋದು?"

ಬಸ್ಸಿನಲ್ಲಿದ್ದವರೆಲ್ಲ ತಲೆದೂಗಿದರು. ಆ ಉತ್ತರ ಯಾರಿಗೂ ಅಸಂಬದ್ಧವೆನಿಸಲಿಲ್ಲ. ಹಣೆ ಚಚ್ಚಿಕೊಂಡವನು ನಾನೊಬ್ಬನೇ. ಬೇನನ್ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ನೋಡಿದ, ಹಾಡು ಎತ್ತಿಕೊಟ್ಟವನು ತಾನೆಂದ. ಮಾಮ್‌ಗಿ ಅವನನ್ನು ಗದರಿದಳು.

"ಸುಮ್ನಿರೋ ಟ್ಯೂಡರ್. ಮತ್ತೆ ಎತ್ತಿದ್ದು ನಾನು. ಎಲ್ರಿಗೂ ಗೊತ್ತು, ಹೇಳೋಕೆ ಧೈರ್ಯ ಇಲ್ಲ ಅಷ್ಟೆ. ಕೇಳ್ಕೊಳ್ಳಿ ಎಲ್ರೂ: ಇವನ ಮೈಮೇಲೆ ಕೆಂಪು ಬನಿಯನ್ ಬರೋತನಕ ನಾನಿನ್ನು ಬಾಯಿ ಬಿಡಲ್ಲ."

ಹಾಡುವುದಕ್ಕೆ ಬಾಯಿ ಬಿಡುವುದಿಲ್ಲ ಎಂದು ಅದರ ಅರ್ಥ; ಬೈಯುವುದಕ್ಕೆ ಯಾವ ತಡೆಯೂ ಇರಲಿಲ್ಲ. ಎಂಬತ್ತು ವರ್ಷ ಹಾಡಿದ ಹೆಂಗಸು ಚಾಪೆಲ್‌ನಲ್ಲಿ ಕಲ್ಲಿನಂತೆ ಕೂತಳು. ಅವಳು ಎತ್ತದಿದ್ದ ಮೇಲೆ ಬೇರೆಯವರಿಗೂ ಎತ್ತಲು ಮನಸ್ಸು ಬರಲಿಲ್ಲ. ಹಾಡು ಒಂದೇ ಸಲಕ್ಕೆ ಮುಗಿದುಹೋಗುತ್ತಿತ್ತು, ಆಮೆನ್ ಹೇಳುತ್ತಿದ್ದರು, ಕೂರುತ್ತಿದ್ದರು. ಉಪ್ಪಿಲ್ಲದ ಸಾರು ಉಂಡು ಎದ್ದಂತೆ ಜನ ಮನೆಗೆ ಹೋಗುತ್ತಿದ್ದರು. ದೇವರಲ್ಲಿ ಅಂಥ ನಂಬಿಕೆಯಿಲ್ಲದ ನನಗೂ ಆ ವರ್ಷದ ಭಾನುವಾರಗಳು ಬಿಕೋ ಎನಿಸಿದವು.

ವಸಂತ ಬಂತು. ಒಂದು ಬೆಳಗ್ಗೆ ರಕ್ತದೊತ್ತಡ ನೋಡಲು ಹೋಗಿದ್ದೆ. ಇದ್ವಲ್ ಒಲೆಯ ಬಳಿ ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಬಾಗಿಲಲ್ಲಿ ಕೂತಿದ್ದ ಮಾಮ್‌ಗಿ ಇದ್ದಕ್ಕಿದ್ದಂತೆ, "ಡಾಕ್ಟ್ರೇ, ಅಂಚೆ ಡಬ್ಬಿಗೆ ಯಾರಾದ್ರೂ ಕಂದು ಬಣ್ಣ ಬಳಿದ್ರಾ?" ಎಂದಳು.

ನಾನು ಹೊರಗೆ ನೋಡಿದೆ. ಬೆಳಗಿನ ಬಿಸಿಲಲ್ಲಿ ಡಬ್ಬಿ ದಾಸವಾಳದಂತೆ ಕೆಂಪಗೆ ನಿಂತಿತ್ತು. ನಾನು ರಕ್ತದೊತ್ತಡದ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದೆ. ಇದ್ವಲ್‌ನ ಕೈ ಬೂಟಿನ ಮೇಲೆ ಒಂದು ಗಳಿಗೆ ನಿಂತಿತು. ಆತುರವೇನು ಎಂಬ ಅವನ ಮಾತು ಅಂದು ಬರಲಿಲ್ಲ, ಅದನ್ನು ನಾನು ಗಮನಿಸಿದೆ.

ಮತ್ತೆ ಆಯ್ಕೆಯ ಓಟ. ಮತ್ತೆ ಮೂರು ಬಸ್ಸು. ಈ ಸಲ ಬೇನನ್ ಬಸ್ಸು ಹತ್ತುವವರನ್ನೆಲ್ಲ ಬಾಗಿಲಲ್ಲಿ ತಡೆದು, ಮೈದಾನದಲ್ಲಿ ತುಟಿ ಬಿಚ್ಚುವುದಿಲ್ಲವೆಂದು ಮಾತು ತೆಗೆದುಕೊಂಡ. ಕೆಮ್ಮು ಇದ್ದವರಿಗೆ ನನ್ನಿಂದ ಗುಳಿಗೆ ಕೊಡಿಸಿದ! ಓಟಗಾರರನ್ನು ಗೆರೆಗೆ ಕರೆದರು. ಅದೇ ಇಂಗ್ಲಿಷಿನವನು, ಅದೇ ಪಿಸ್ತೂಲು. ಮುನ್ನೂರು ಮಂದಿ ವೇಲ್ಸಿನವರು ಬಾಯಿಗೆ ಬೀಗ ಜಡಿದು ಕೂತ ಆ ನಿಶ್ಶಬ್ದವನ್ನು ಹೇಗೆ ಹೇಳಲಿ? ಸಾವಿನ ಮನೆಯಲ್ಲೂ ಈ ಜನ ಅಷ್ಟು ಸುಮ್ಮನಿರುವುದಿಲ್ಲ. ಓಟಗಾರರು ಬಾಗಿದರು. ಇದ್ವಲ್ ಬಾಗಿದ. ಮತ್ತೆ ತಲೆಯೆತ್ತಿ ನಮ್ಮ ಕಡೆ ನೋಡಿದ. ಕೈ ಮೇಲೆತ್ತಿ, ಎದ್ದು ನಿಂತು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಆ ತನ್ನ ನಡಿಗೆಯಲ್ಲಿ, ಅಡ್ಡಲಾಗಿ ಮೈದಾನ ದಾಟಿ ನಮ್ಮತ್ತ ಬರತೊಡಗಿದ.

"ಬಂದ್ನಪ್ಪ! ಸಾಯಿಸ್ತಾನೆ ಇವನು, ನಮ್ಮನ್ನೆಲ್ಲ ಸಾಯಿಸ್ತಾನೆ!" ಎಂದು ಬೇನನ್ ಟೋಪಿ ಕಚ್ಚಿಕೊಂಡ.

"ಯಾರದು ಬರ್ತಿರೋದು?" ಎಂದಳು ಮಾಮ್‌ಗಿ.

"ನಾನೇ ಮಾಮ್‌ಗಿ."

"ಆ ಕಡೆ ಓಡೋದು ಬಿಟ್ಟು ಈ ಕಡೆ ಯಾಕೆ ಬಂದ್ಯೋ, ಕೋಣ?"

"ಇಲ್ಲಿ ಯಾರೋ ಸತ್ತಿರೋ ಹಾಗಿದೆ. ಕಾಲು ಏಳ್ತಿಲ್ಲ ನಂಗೆ. ಹಾಡು."

"ಬನಿಯನ್ ಬರೋತನಕ ಹಾಡಲ್ಲ ಅಂದಿದೀನಿ, ಮರ್ತ್ಯಾ?"

"ನೀನು ಹಾಡದಿದ್ರೆ ಬನಿಯನ್ ಬರಲ್ಲ. ಬನಿಯನ್ ಬರ್ದಿದ್ರೆ ನೀನು ಹಾಡಲ್ಲ. ಹಿಂಗೇ ಕೂತ್ರೆ ಹೇಗೆ, ಹೇಳು?"

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮ ಕಡೆ ಹೇಳುವುದು ಸುಮ್ಮನೆಯೇ? ಮಾಮ್‌ಗಿ ಹೋಗೆಂದು ಕೈ ಬೀಸಿದಳು. "ಆ ಪಿಸ್ತೂಲಿನವನು ಕಾಯ್ತಾ ಇದಾನೋ, ಓಟದಿಂದ್ಲೇ ತೆಗೆದುಹಾಕ್ತಾನೆ ನಿನ್ನ!" ಎಂದಳು.

"ಕಾಯ್ಲಿ ಬಿಡು," ಎಂದ ಇದ್ವಲ್. "ಆತುರ ಏನಿದೆ?"

ಅಷ್ಟು ಹೇಳಿ, ಬಂದಷ್ಟೇ ನಿಧಾನವಾಗಿ ಹಿಂದಿರುಗಿದ. ಪಿಸ್ತೂಲಿನವನು ಮುಖ ಕೆಂಪಗೆ ಮಾಡಿಕೊಂಡು, ಇನ್ನೊಮ್ಮೆ ಗೆರೆ ಬಿಟ್ಟರೆ ಓಟದಿಂದ ಹೊರಗೆ ಹಾಕುವುದಾಗಿ ಅವನ ಮುಖಕ್ಕೇ ಹೇಳಿದ. ಅವನ ಮಾತು ಮುಗಿಯುವ ಮೊದಲೇ ಮೊದಲ ಸಾಲಿನಿಂದ ಆ ದನಿ ಎದ್ದಿತು. ವರ್ಷವಿಡೀ ಬಳಸದೆ ತುಕ್ಕು ಹಿಡಿದ ದನಿ. ಮೊದಲ ಎರಡು ಪದ ತಡವರಿಸಿತು, ಮೂರನೆಯದರಲ್ಲಿ ನೆಟ್ಟಗಾಯಿತು. ಬೇನನ್‌ಗೆ ಕೈಯೆತ್ತಲೂ ಆಗಲಿಲ್ಲ, ಅಳುತ್ತಿದ್ದ. ಜನ ತಾವಾಗಿಯೇ ಎದ್ದು ಕೂಡಿಕೊಂಡರು. ವರ್ಷದ ಹಸಿವೆಲ್ಲ ಆ ಹಾಡಿನಲ್ಲಿತ್ತು. ಇಂಗ್ಲಿಷಿನವನು ಟೋಪಿ ತೆಗೆದು ನಿಂತ. ಕೊನೆಯ ಸಾಲು ಮುಗಿದಾಗ ಪಿಸ್ತೂಲು ಎತ್ತಲು ಹೋಗಿ, ಹೋದ ವರ್ಷದ ನೆನಪಾಗಿ ತಡೆದು, ಬೇನನ್ ಕಡೆ ತಿರುಗಿ ಕೂಗಿ ಕೇಳಿದ: "ಮುಗೀತೇನ್ರೀ? ನಿಜವಾಗ್ಲೂ ಮುಗೀತಾ?"

"ಎಲ್ಲಿ ಮುಗೀತು! ಇಮ್ಮಡಿಸ್ಬೇಕು!" ಎಂದು ಬಸ್ಸಿನ ಮೊಸ್ಟಿನ್ ಹಿಂದಿನಿಂದ ಗರ್ಜಿಸಿದ.

ಇಮ್ಮಡಿಸಿದರು. ಸಾಲದೆ ಮತ್ತೊಮ್ಮೆ ಎತ್ತಿಕೊಂಡರು. ಆಮೆನ್ ಬಂದು, ಅದರ ಗುಂಗು ಕೂಡ ಅಡಗಿದ ಮೇಲೆ, ಬೇನನ್ ಕೈಯನ್ನು ಮುಷ್ಟಿ ಮಾಡಿ ಇಳಿಸಿದ. ಅಲ್ಲಿಗೆ ನಿಜವಾಗಿ ಮುಗಿದಿತ್ತು. ಗುಂಡು ಹಾರಿತು. ಇದ್ವಲ್ ಎಂದಿನಂತೆ ಎಲ್ಲರಿಗಿಂತ ಕೊನೆಗೆ ಎದ್ದ. ಅರ್ಧ ದಾರಿಯಲ್ಲೂ ಹಿಂದೆಯೇ ಇದ್ದ. ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ. ತೆರೆದಾಗ ಆ ಉದ್ದ ಕಾಲುಗಳು ಒಬ್ಬೊಬ್ಬರನ್ನೇ ಹಾದು ಬರುತ್ತಿದ್ದವು, ಮುಖದಲ್ಲಿ ಅದೇ ಭಾನುವಾರದ ಶಾಂತಿ. ಎದೆಯ ಅಗಲದಷ್ಟು ಅಂತರದಲ್ಲಿ ಎರಡನೆಯವನಾಗಿ ಬಂದ. ಎರಡನೆಯವನಿಗೂ ಬನಿಯನ್ ಉಂಟಲ್ಲ! ಬೇನನ್ ನನ್ನನ್ನು ಎತ್ತಿ ಗರಗರ ತಿರುಗಿಸಿದ, ನನ್ನ ಕನ್ನಡಕ ಎಲ್ಲೋ ಹಾರಿತು. ಮಾಮ್‌ಗಿ ಮಾತ್ರ ಗಾಬರಿಯಿಂದ, "ಎಷ್ಟನೆಯವನು? ಯಾರಾದ್ರೂ ಹೇಳ್ರೋ, ಎಷ್ಟನೆಯವನು?" ಎಂದು ಸಿಕ್ಕಸಿಕ್ಕವರ ತೋಳು ಜಗ್ಗುತ್ತಿದ್ದಳು.

ಆ ಮೇಲಿನ ದೊಡ್ಡ ಕ್ರೀಡಾಕೂಟದ ಕಥೆಯನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳುವಂಥದ್ದು ಹೆಚ್ಚಿಲ್ಲ. ಇದ್ವಲ್ ಮೊದಲ ಸುತ್ತು ದಾಟಿದ, ಎರಡನೆಯದರಲ್ಲಿ ಉಳಿದುಹೋದ. ಅಲ್ಲಿ ಯಾರೂ ಹಾಡಲಿಲ್ಲವಂತೆ. ಮುಂದೆ ಇನ್ನೆರಡು ವರ್ಷ ಓಡಿ, ಒಂದು ಸಂಜೆ ಕೋಟಿನ ಗುಂಡಿ ಹಾಕಿಕೊಂಡು, ಇನ್ನು ಸಾಕು ಎಂದ. ಬೇನನ್ ಪೈಪು ಹಚ್ಚಿದ. ದಾಖಲೆಗಳಲ್ಲಿ ಹುಡುಕುವವರಿಗೆ ಅವನ ಹೆಸರು ಸಣ್ಣ ಅಕ್ಷರದಲ್ಲಿ ಸಿಕ್ಕೀತು. ನಮ್ಮ ಕಣಿವೆ ಅವನ ಓಟಗಳಲ್ಲಿ ಅತಿ ದೊಡ್ಡದೆಂದು ನೆನೆಯುವ ಓಟ ಮಾತ್ರ ಯಾವ ದಾಖಲೆಯಲ್ಲೂ ಇಲ್ಲ.

ಅದು ನಡೆದದ್ದು ಆಯ್ಕೆಯ ಓಟ ಮುಗಿದ ಕೆಲವೇ ವಾರಗಳಲ್ಲಿ. ಬನಿಯನ್ ಕಾರ್ಡಿಫ್‌ನಿಂದ ಅಂಚೆಯಲ್ಲಿ ಬರಬೇಕಿತ್ತು. ಒಂದು ವಾರ ಕಾದರು, ಎರಡು ವಾರ ಕಾದರು. ಅಷ್ಟರಲ್ಲಿ ಒಂದು ಬೆಳಗ್ಗೆ ಮಾಮ್‌ಗಿ ಬಾಗಿಲು ತೆರೆದು, ಅಂಚೆ ಡಬ್ಬಿಗೆ ಕುಶಲ ಕೇಳಲು ಎಂದಿಗಿಂತ ಹೆಚ್ಚು ಹೊತ್ತು ಹುಡುಕಿದಳಂತೆ. ಇದ್ವಲ್ ಅದನ್ನು ಕಂಡ. ಕೆಲಸಕ್ಕೆ ಹೋಗುವುದನ್ನು ಬಿಟ್ಟು ತಾನೇ ಕಾರ್ಡಿಫ್‌ಗೆ ಹೊರಟ.

ಮಧ್ಯಾಹ್ನ ನಾನು ರೋಗಿಯೊಬ್ಬರನ್ನು ನೋಡಿ, ಎಂದಿನ ಅವಸರದಲ್ಲಿ, ಏರಿನ ಬುಡದ ನಿಲ್ದಾಣವನ್ನು ದಾಟುತ್ತಿದ್ದೆ. ಮೊಸ್ಟಿನ್‌ನ ಬಸ್ಸು ಬಂದು ನಿಂತಿತು, ಇದ್ವಲ್ ಇಳಿದ. ಇಳಿದವನು ಬಸ್ಸಿನ ಮೆಟ್ಟಿಲಿನ ಬಳಿಯೇ ಕೋಟಿಗೆ ಕೈ ಹಾಕಿದ. ಆ ಕೈಗಳು ಒಂದೊಂದೇ ಗುಂಡಿ ಬಿಚ್ಚುವುದನ್ನು ನಾನು ಎಷ್ಟು ಸಲ ನೋಡಿದ್ದೆ! ಆ ದಿನ ಎರಡು ಗುಂಡಿ ಕಿತ್ತು ಚರಂಡಿಗೆ ಹಾರಿದವು. ಒಳಗೆ ಕೆಂಪು ಬನಿಯನ್, ಎದೆಯ ಮೇಲೆ ವೇಲ್ಸಿನ ಗುರುತಾದ ಮೂರು ಗರಿ. ಕೋಟನ್ನು ಮಡಚದೆ, ಮುದ್ದೆ ಮಾಡಿ, ನನ್ನ ಎದೆಗೆ ಒತ್ತಿದ.

"ಹಿಡ್ಕೊಳಿ ಡಾಕ್ಟ್ರೇ," ಎಂದ. "ಆತುರ ಇದೆ."

ಆಮೇಲೆ ಓಡಿದ. ಬೀದಿಯಲ್ಲಿ ಓಡಿದ! ಚಾಪೆಲ್ ಬೀದಿಯ ಆ ಏರನ್ನು, ನಾವೆಲ್ಲ ಮೂರು ಕಡೆ ನಿಂತು ಉಸಿರು ತೆಗೆದು ಹತ್ತುವ ಏರನ್ನು, ಬೇನನ್ ಹೇಳುತ್ತಿದ್ದಂತೆ ಹಾಡಿನ ಒಂದು ಸಾಲು ಮಾಡಿಕೊಂಡು ಒಂದೇ ಉಸಿರಿನಲ್ಲಿ ಓಡಿದ. ಮೊಸ್ಟಿನ್ ಬಸ್ಸಿನ ಎಂಜಿನ್ ಆರಿಸಿ ಕೆಳಗಿಳಿದು ನಿಂತ. ಬೇನನ್ ಅಂಗಡಿಯಿಂದ ಕತ್ತಿ ಹಿಡಿದೇ ಹೊರಬಂದ. ಕುರಿಗಳು ಚದುರಿದವು. ಬಾಗಿಲಿಗೆ ಬಾಗಿಲು ತೆರೆದು, ಹೆಂಗಸರು ಹಿಟ್ಟಿನ ಕೈಯಲ್ಲಿ, ಮುದುಕರು ಅರ್ಧ ಬೋಳಿಸಿದ ಗಡ್ಡದಲ್ಲಿ ನಿಂತರು. ಬೀದಿಯ ತುದಿಯಲ್ಲಿ, ಬಾಗಿಲೆದುರಿನ ಕುರ್ಚಿಯಿಂದ ಆ ಹಿಡಿಯಷ್ಟು ಮುದುಕಿ ಎದ್ದು ನಿಂತದ್ದು ಕಾಣಿಸಿತು. ಆಮೇಲೆ ಅವಳ ಕೂಗು ಕಣಿವೆಗೆಲ್ಲ ಕೇಳಿಸಿತು:

"ಅಯ್ಯಯ್ಯೋ! ಅಂಚೆ ಡಬ್ಬಿ ಓಡ್ತಾ ಬರ್ತಿದೆ! ನೋಡ್ರೋ, ಅಂಚೆ ಡಬ್ಬಿ ಓಡ್ತಾ ಬರ್ತಿದೆ!"

ನಾನು ಆ ಭಾರದ ಕೋಟು ಹೊತ್ತು ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಅವಳು ಎರಡೂ ಅಂಗೈಗಳನ್ನು ಆ ಕೆಂಪಿನ ಮೇಲಿಟ್ಟು, ಮೂಗು ತಾಗುವಷ್ಟು ಹತ್ತಿರ ಮುಖ ತಂದು, ಕುಡಿಯುವವಳಂತೆ ನೋಡುತ್ತಿದ್ದಳು. ಇದ್ವಲ್ ಉಸಿರು ಸಿಗದೆ ನಗುತ್ತಿದ್ದ. "ಕೆಂಪೇ," ಎಂದಳು ಮಾಮ್‌ಗಿ, ತನಗೆ ತಾನೇ. "ಎಲಿಸ್, ಕೆಂಪೇ ಕಣೋ." ಆಮೇಲೆ ಬಟ್ಟೆಯನ್ನು ಬೆರಳಲ್ಲಿ ಹೊಸೆದು, ತನ್ನ ಎಂದಿನ ದನಿಗೆ ಬಂದು, "ಇಷ್ಟು ತೆಳ್ಳಗೆ ಕೊಟ್ಟಿದಾರಲ್ಲೋ, ಜಿಪುಣರು. ಒಳಗೊಂದು ಸ್ವೆಟರ್ ಹಾಕ್ಕೋ, ನೆಗಡಿಯಾಗತ್ತೆ," ಎಂದಳು. ಆ ವರ್ಷದ ಚಳಿ ಶುರುವಾಗುವಷ್ಟರಲ್ಲಿ ಅವಳ ಪಾಲಿನ ಕೆಂಪೂ ಹೋಯಿತು. ಅದಕ್ಕಾಗಿ ಅವಳು ಒಂದು ದಿನವೂ ಕೊರಗಲಿಲ್ಲ. ನೋಡಬೇಕಾದ್ದನ್ನು ನೋಡಿಯಾಯಿತು ಎನ್ನುತ್ತಿದ್ದಳು, ಚಾಪೆಲ್‌ನಲ್ಲಿ ಪ್ರತಿ ಹಾಡನ್ನೂ ಇಮ್ಮಡಿಸುತ್ತಿದ್ದಳು.

ಇದ್ವಲ್‌ನಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿದ್ದನ್ನು ಬಾಯಲ್ಲಿ ಹೇಳದೆ ಕಾಲಲ್ಲಿ ನಡೆದು ತೋರಿಸುವವರು. ಅವರನ್ನು ಲೋಕ ಸೋಮಾರಿಗಳೆನ್ನುತ್ತದೆ, ಬಸ್ಸುಗಳು ಅವರನ್ನು ಬಿಟ್ಟು ಹೋಗುತ್ತವೆ, ನಮ್ಮಂಥ ಅವಸರದ ಡಾಕ್ಟರುಗಳು ಅವರನ್ನು ಕಂಡು ನಿಟ್ಟುಸಿರು ಬಿಡುತ್ತೇವೆ. ನಾವು ನಮ್ಮ ಆತುರವನ್ನು ಮಳೆಗೂ ಬಸ್ಸಿಗೂ ಬಾಗಿಲ ಗಂಟೆಗೂ ದಿನಬೆಳಗಾದರೆ ಚೆಲ್ಲಿಬಿಡುತ್ತೇವೆ. ನಿಜವಾಗಿ ಬೇಕಾದ ಗಳಿಗೆಯಲ್ಲಿ ನಮ್ಮ ಕಾಲಲ್ಲಿ ಕಸುವಿರುವುದಿಲ್ಲ. ಅವರು ಅದನ್ನು ಒಂದು ಹನಿಯೂ ಚೆಲ್ಲದೆ ಇಟ್ಟುಕೊಂಡಿರುತ್ತಾರೆ. ಯಾರಿಗಾಗಿ ಓಡಬೇಕೆಂಬುದು ಗೊತ್ತಿರುವವನಿಗೆ ಉಳಿದದ್ದಕ್ಕೆಲ್ಲ ನಡೆದರೆ ಸಾಕು.